ಹಾಡಿನ ಪ್ಲೇಟಿಗೆ ತಾಂಡೂರು ಕಲ್ಲಿನ ಆಸರೆ

ಜಹೀರಾಬಾದ್: ಹಳೆ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕುವುದು ಗಡಿ ಊರುಗಳಲ್ಲಿ ಈಗ ಸಾಮಾನ್ಯ. ಕೆಡವುವ ಮುಂಚೆ ನಾಗಂದಿಗೆ ಖಾಲಿ ಮಾಡುತ್ತಾರೆ. ತಾಮ್ರದ ಹಂಡೆ ಇಳಿಯುತ್ತದೆ, ತೊಟ್ಟಿಲು ಇಳಿಯುತ್ತದೆ, ನಿಜಾಮನ ಕಾಲದ ಉರ್ದು ಕಾಗದಪತ್ರದ ಪೆಟ್ಟಿಗೆ ಇಳಿಯುತ್ತದೆ. ಕೆಲವು ಮನೆಗಳಲ್ಲಿ ಕಟ್ಟಕಡೆಗೆ ಧೋತರದಲ್ಲಿ ಸುತ್ತಿದ ಭಾರದ ಗಂಟೊಂದು ಇಳಿಯುತ್ತದೆ. ಬಿಚ್ಚಿದರೆ ಗ್ರಾಮಫೋನ್ ಪ್ಲೇಟುಗಳು!

ಹಂಡೆಗೆ ಕಿಲೋ ಲೆಕ್ಕದಲ್ಲಿ ಬೆಲೆ ಉಂಟು. ಕಾಗದಪತ್ರಕ್ಕೆ ಹೊಲದ ತಕರಾರು ಇರುವವರೆಗೂ ಬೆಲೆ ಉಂಟು. ಪ್ಲೇಟಿನದೇ ಪಂಚಾಯಿತಿ. ‘ಇವನ್ನ ಎಲ್ಲಿ ಇಡೂದು?’ ಎಂಬ ಪ್ರಶ್ನೆ ಏಳುತ್ತದೆ. ‘ಸದ್ಯಕ್ಕ ಮ್ಯಾಲ ಇಡ್ರಿ’ ಎಂಬ ಉತ್ತರ ಬರುತ್ತದೆ. ಆ ‘ಮ್ಯಾಲ’ ಎಂದರೆ ಹೊಸ ಮನೆಯ ಲಾಫ್ಟು, ಇಲ್ಲವೇ ಹಿತ್ತಲಿನ ಪತ್ರಾಸ್ ಶೆಡ್ಡು. ಎರಡು ಬೇಸಿಗೆ ಕಳೆಯುವುದರೊಳಗೆ ಪ್ಲೇಟು ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಗಾಗಿ, ಕೊನೆಗೆ ರದ್ದಿಯವನ ತಕ್ಕಡಿಗೇ ಹೋಗುತ್ತದೆ.

ರೆಕಾರ್ಡು ನುಡಿಸಿ ನುಡಿಸಿ ಸವೆದದ್ದಕ್ಕಿಂತ ಇಟ್ಟ ಜಾಗದಲ್ಲೇ ಹಾಳಾದದ್ದು ಹೆಚ್ಚು. ಹಾಗಾಗಿ ಪ್ಲೇಯರ್ ಯಾವುದು, ಸ್ಪೀಕರ್ ಯಾವುದು ಎಂದು ಕೇಳುವ ಮೊದಲು ಕೇಳಬೇಕಾದ ಮಾತು ‘ಖಾನೆ ಯಾವುದು?’ ಎಂಬುದು. ಅದಕ್ಕೆ ಒಳ್ಳೆಯ ಉತ್ತರ ಹೈದರಾಬಾದಿನ ಶೋರೂಮಿಗಿಂತ ಹತ್ತಿರದಲ್ಲೇ, ತಾಂಡೂರಿನ ಕಲ್ಲಿನ ಗಣಿಯಲ್ಲೇ ಇದೆ.

ಗೆರೆ ಎಳೆದರೂ ಹಾಡು ಉಳಿಯಿತು

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆ ಆದಾಗ ಬೀದರ್ ಜಿಲ್ಲೆಯ ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರಪ್ರದೇಶದ ಮೇದಕ್ ಜಿಲ್ಲೆಗೆ ಹೋದವು. ಗುಲ್ಬರ್ಗ ಜಿಲ್ಲೆಯ ತಾಂಡೂರು ಹೈದರಾಬಾದ್ ಜಿಲ್ಲೆಗೆ ಸೇರಿತು. 2014ರಲ್ಲಿ ತೆಲಂಗಾಣ ಬಂತು. 2016ರ ಜಿಲ್ಲಾ ವಿಂಗಡಣೆಯಲ್ಲಿ ಮೊದಲೆರಡು ಸಂಗಾರೆಡ್ಡಿ ಪಾಲಾದರೆ ತಾಂಡೂರು ವಿಕಾರಾಬಾದ್ ಪಾಲಾಯಿತು. ಆಫೀಸಿನ ಬೋರ್ಡು ಬದಲಾದವು, ಶಾಲೆಯ ಮಾಧ್ಯಮ ಬದಲಾಯಿತು. ಬೀಗತನ ಮಾತ್ರ ಬೀದರ್, ಔರಾದ್, ಚಿಂಚೋಳಿ, ಸೇಡಂ ಕಡೆಗೇ ನಡೆದು ಬಂತು. ಅದರ ಜೊತೆ ಹಾಡೂ ಬಂತು.

ಆಗ ಊರಿಗೆ ಹಾಡು ತರುತ್ತಿದ್ದವನು ಮೈಕ್ ಸೆಟ್‌ನವನು. ಮದುವೆ, ಸೀಮಂತ, ಜಾತ್ರೆ ಯಾವುದಿದ್ದರೂ ಅಹುಜಾ ಆಂಪ್ಲಿಫೈಯರ್, ಎರಡು ಭೋಂಗಾ, ಒಂದು ರೆಕಾರ್ಡ್ ಪ್ಲೇಯರ್ ಬಂಡಿಯಲ್ಲಿ ಬಂದಿಳಿಯುತ್ತಿದ್ದವು. ಝರಾಸಂಗಮದ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಇಂದಿಗೂ ಕರ್ನಾಟಕ, ಮಹಾರಾಷ್ಟ್ರದಿಂದ ಜನ ಬರುತ್ತಾರೆ. ಇಂಥ ಕೂಟದಲ್ಲಿ ಮೈಕ್ ಸೆಟ್‌ನವನು ಒಂದು ಕನ್ನಡ, ಒಂದು ಮರಾಠಿ, ಒಂದು ತೆಲುಗು, ನಡುವೆ ನಾಲ್ಕು ಹಿಂದಿ ಪ್ಲೇಟು ಹಚ್ಚಬೇಕು. ಇಲ್ಲದಿದ್ದರೆ ಯಾರಾದರೊಬ್ಬರು ಮುನಿಸಿಕೊಳ್ಳುವುದು ಗ್ಯಾರಂಟಿ.

ರೆಕಾರ್ಡು ಇಡುವ ವಿದ್ಯೆ ನಿಜಕ್ಕೂ ತಿಳಿದಿದ್ದವನೂ ಅವನೇ. ಅವನ ಮರದ ಪೆಟ್ಟಿಗೆಯಲ್ಲಿ ಪ್ಲೇಟುಗಳು ನೆಟ್ಟಗೆ ನಿಲ್ಲುತ್ತಿದ್ದವು. ನಡುವೆ ತೆಳು ಹಲಗೆಯ ಅಡ್ಡಗೋಡೆ. ಹೊಟ್ಟೆಪಾಡಿನ ಸಾಮಾನು ಬಂಡಿಯಲ್ಲಿ ಹಳ್ಳ ದಿಣ್ಣೆ ದಾಟಿ ಬರಬೇಕಲ್ಲ! ಜಗತ್ತಿನ ದೊಡ್ಡ ಧ್ವನಿ ಸಂಗ್ರಹಾಲಯಗಳು ಇಂದು ಹೇಳುವುದೂ ಅದನ್ನೇ: ರೆಕಾರ್ಡು ನೆಟ್ಟಗೆ ನಿಲ್ಲಬೇಕು, ನಾಲ್ಕರಿಂದ ಆರು ಇಂಚಿಗೊಂದು ಅಡ್ಡಗೋಡೆ ಇರಬೇಕು, ಬೇರೆ ಬೇರೆ ಅಳತೆಯವು ಕಲೆಯಬಾರದು.

ಎರಡು ಜಾತಿ, ಎರಡು ಸ್ವಭಾವ

ಗಂಟಿನಲ್ಲಿ ಸಿಗುವ ಪ್ಲೇಟುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯವು ಅರಗಿನಿಂದ ಆದವು. ಲಾಡ್ ಬಜಾರಿನ ಬಳೆಗೆ ಬಳಸುವ ಅದೇ ಲಾಖು, ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಅಚ್ಚು ಹಾಕುತ್ತಿದ್ದರು. ಕಲ್ಕತ್ತಾದಲ್ಲಿ ಮೊದಲು ಸಿಯಾಲ್ದಾ, ಆಮೇಲೆ ಡಂಡಂನಲ್ಲಿದ್ದ ಗ್ರಾಮಫೋನ್ ಕಂಪನಿ ಕಾರ್ಖಾನೆಯಲ್ಲಿ ಇವು ತಯಾರಾದವು. ನಾಯಿ ಗುರುತಿನ ಎಚ್‌ಎಂವಿ ಎಂದರೆ ಇದೇ ಕಂಪನಿ.

ಈ ನಾಡಿನ ದನಿಗೂ ಆ ಪ್ಲೇಟಿಗೂ ನಂಟು ಹಳೆಯದು. 1902ರಲ್ಲಿ ಕಲ್ಕತ್ತಾದಲ್ಲಿ ಧ್ವನಿ ಮುದ್ರಿಸಿ ಹೆಸರಾದ ಗೌಹರ್ ಜಾನ್ 1930ರಲ್ಲಿ ಕೊನೆಯುಸಿರೆಳೆದದ್ದು ಮೈಸೂರಿನಲ್ಲಿ. ಧಾರವಾಡದ ಮಲ್ಲಿಕಾರ್ಜುನ ಮನಸೂರರ ಪ್ಲೇಟುಗಳು 1930ರ ದಶಕದಲ್ಲೇ ಬಂದವು. ಭೀಮಸೇನ ಜೋಶಿಯವರ ಮೊದಲ ಪ್ಲೇಟು ಬಂದದ್ದು 1942ರಲ್ಲಿ, ಅದರಲ್ಲಿ ಕನ್ನಡ, ಹಿಂದಿ ಭಕ್ತಿಗೀತೆಗಳಿದ್ದವು. ಅಂಥದ್ದೊಂದು ನಿಮ್ಮ ಗಂಟಿನಲ್ಲಿ ಇರಲಿಕ್ಕಿಲ್ಲ. ಇದ್ದರೂ ಇರಬಹುದು! ತೂಕಕ್ಕೆ ಹಾಕುವ ಮುಂಚೆ ಲೇಬಲ್ ಓದಬಲ್ಲವರಿಗೆ ತೋರಿಸುವುದು ಒಳ್ಳೆಯದು. ಮನೆಯ ಮಕ್ಕಳು ತೆಲುಗು ಇಲ್ಲವೇ ಇಂಗ್ಲಿಷ್ ಮಾಧ್ಯಮದವರಾದರೆ ಕನ್ನಡ ಲೇಬಲ್ ಅವರಿಗೆ ಬರೀ ಚಿತ್ತಾರ.

ಎರಡನೆಯ ಜಾತಿ ಪ್ಲಾಸ್ಟಿಕ್ಕಿನದು, ಅಂದರೆ ವಿನೈಲ್. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದ 12 ಇಂಚಿನ ಎಲ್‌ಪಿ, ಸಿನೆಮಾ ಹಾಡಿನ 7 ಇಂಚಿನ ಇಪಿ ಈ ಜಾತಿಯವು.

ಸ್ವಭಾವ ಮಾತ್ರ ಪೂರ್ತಿ ಬೇರೆ. ಅರಗಿನದು ಸೊಟ್ಟಗಾಗುವುದಕ್ಕಿಂತ ಹೆಚ್ಚಾಗಿ ಒಡೆಯುತ್ತದೆ, ಕೈತಪ್ಪಿದರೆ ಹಂಚಿನಂತೆ ಚೂರು. ವಿನೈಲ್ ಒಡೆಯದು, ಆದರೆ ಬಿಸಿಗೆ ಬಾಗುತ್ತದೆ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಆದ್ದರಿಂದ 78ರ ಪ್ಲೇಟನ್ನು ಸ್ಪಿರಿಟ್ ಹಚ್ಚಿ ಒರೆಸಿದರೆ ಧೂಳಿನ ಜೊತೆ ಹಾಡೂ ಹೋಯಿತು ಎಂದೇ ಲೆಕ್ಕ.

ಭಾರದ ಲೆಕ್ಕ

ಒಂದು ಎಲ್‌ಪಿ ಕೈಯಲ್ಲಿ ಹಗುರ. ಅದರ ಹೊದಿಕೆ ಸೇರಿ ಕಾಲು ಕಿಲೋ ಒಳಗೇ. ಇಲ್ಲೇ ಬಹಳ ಮಂದಿ ಮೋಸ ಹೋಗುವುದು. ಸಾಲಾಗಿ ನಿಲ್ಲಿಸಿದರೆ ಒಂದು ಅಡಿ ಉದ್ದದ ಜಾಗದಲ್ಲಿ 75–80 ಎಲ್‌ಪಿ ಹಿಡಿಯುತ್ತವೆ, ತೂಕ 16ರಿಂದ 20 ಕೆ.ಜಿ. ಆಗುತ್ತದೆ. 78ರ ಪ್ಲೇಟಾದರೆ ಅದಕ್ಕಿಂತ ಜಾಸ್ತಿ. ಮೂರಡಿ ಹಲಗೆ ತುಂಬಿದರೆ ಒಂದು ಜೋಳದ ಚೀಲ ಹೊರಿಸಿದಂತೆ. ಪುಸ್ತಕ ಇಡುವ ಷೋಕೇಸಿಗೆ ಆ ತಾಕತ್ತು ಇರುವುದಿಲ್ಲ.

ಪೇಟೆಯ ರೆಡಿಮೇಡ್ ಷೋಕೇಸಿನ ಹಲಗೆ ಹೆಚ್ಚಾಗಿ ಮರದ ಹೊಟ್ಟು ಒತ್ತಿ ಮಾಡಿದ ಬೋರ್ಡು. ಮೇಲೆ ಮೈಕಾ ಹೊಳೆಯುತ್ತದೆ, ಒಳಗೆ ಜೀವ ಕಡಿಮೆ. ಮೂರಡಿ ಅಗಲದ ಖಾನೆಗೆ ರೆಕಾರ್ಡು ತುಂಬಿದರೆ ಕೆಲವೇ ತಿಂಗಳಲ್ಲಿ ನಡು ಬಾಗುತ್ತದೆ. ಹಲಗೆ ಬಾಗಿದರೆ ರೆಕಾರ್ಡು ಓರೆಯಾಗುತ್ತದೆ, ಓರೆಯಾಗಿ ವರ್ಷಗಟ್ಟಲೆ ನಿಂತ ರೆಕಾರ್ಡು ತಾನೂ ಬಾಗುತ್ತದೆ. ಮಳೆಗಾಲದಲ್ಲಿ ನೀರು ಸೋಕಿತೋ, ಬೋರ್ಡು ಬ್ರೆಡ್ಡಿನಂತೆ ಉಬ್ಬುತ್ತದೆ.

ಐಕಿಯಾ ಕಂಪನಿ ಭಾರತದ ತನ್ನ ಮೊದಲ ಮಳಿಗೆಯನ್ನು 2018ರ ಆಗಸ್ಟ್ 9ರಂದು ಹೈದರಾಬಾದಿನ ಹೈಟೆಕ್ ಸಿಟಿ ಬಳಿ ತೆರೆದ ಮೇಲೆ ಜಹೀರಾಬಾದಿನವರಿಗೂ ಅಲ್ಲಿಗೆ ಹೋಗಿ ಬರುವುದು ಒಂದು ದಿನದ ಕೆಲಸ. ಅಲ್ಲಿಯ ‘ಕಲ್ಲಾಕ್ಸ್’ ಎಂಬ ಚೌಕ ಖಾನೆಯ ರ‍್ಯಾಕು ಜಗತ್ತಿನಾದ್ಯಂತ ರೆಕಾರ್ಡು ಪ್ರಿಯರ ಮೆಚ್ಚಿನದು. ಒಂದೊಂದು ಖಾನೆ 33 ಸೆಂ.ಮೀ. ಚೌಕ, ಎಲ್‌ಪಿಗೆ ಹೇಳಿ ಮಾಡಿಸಿದಂತೆ. ಆದರೆ ಖಾನೆಯೊಂದಕ್ಕೆ ಕಂಪನಿಯೇ ಹೇಳುವ ಭಾರದ ಮಿತಿ 13 ಕೆ.ಜಿ. ಒತ್ತಾಗಿ ತುಂಬಿದರೆ ಅದನ್ನು ದಾಟುತ್ತದೆ. ಕೊಂಡವರು ಪ್ರತಿ ಖಾನೆಗೆ 50ರ ಒಳಗೆ ನಿಲ್ಲಿಸುವುದು ಕ್ಷೇಮ. ಕಲ್ಲಾಕ್ಸ್ ಎಂಬ ಹೆಸರಲ್ಲಿ ಕಲ್ಲು ಇದ್ದರೂ ಅದು ಕಲ್ಲಲ್ಲ!

ಫರಸಿ ಎಂಬ ಮನೆಮದ್ದು

ತಾಂಡೂರು ಕಲ್ಲು ಈ ಭಾಗದವರಿಗೆ ಹೊಸದಲ್ಲ. ಶಹಾಬಾದ್‌ನಿಂದ ತಾಂಡೂರಿನವರೆಗೆ ನೆಲದಡಿ ಹಾಸಿರುವುದು ಒಂದೇ ಭೀಮಾ ಕಣಿವೆಯ ಸುಣ್ಣದ ಕಲ್ಲು. ಪದರು ಪದರಾಗಿ ಏಳುತ್ತದೆ. ನೀಲಿ, ಹಳದಿ ಎರಡು ಬಣ್ಣ. ಕನ್ನಡದವರ ಬಾಯಲ್ಲಿ ಫರಸಿ, ತೆಲುಗಿನವರ ಬಾಯಲ್ಲಿ ನಾಪರಾಯಿ. ನೆಲಕ್ಕೆ, ಕಟ್ಟೆಗೆ, ಅಡುಗೆ ಮನೆಯ ಖಾನೆಗೆ ಎಲ್ಲಕ್ಕೂ ಅದೇ. ಅಡುಗೆ ಮನೆಯಲ್ಲಿ ಜೋಳದ ಡಬ್ಬಿ, ಉಪ್ಪಿನಕಾಯಿ ಭರಣಿ ಹೊತ್ತು ಎರಡು ತಲೆಮಾರು ನಿಂತ ಕಲ್ಲಿಗೆ ಅಜ್ಜನ ರೆಕಾರ್ಡು ಯಾವ ಲೆಕ್ಕ?

ಕಲ್ಲಿನ ಗುಣ ಮೂರು. ಮರದ ಹಲಗೆಯಂತೆ ವರ್ಷದಿಂದ ವರ್ಷಕ್ಕೆ ಬಾಗುತ್ತ ಹೋಗುವುದಿಲ್ಲ. ಒರಲೆ ಹಿಡಿಯುವುದಿಲ್ಲ. ಎರೆ ಮಣ್ಣಿನ ಊರಲ್ಲಿ ಒರಲೆಯ ಕಾಟ ಗೊತ್ತಿದ್ದವರಿಗೆ ಇದು ದೊಡ್ಡ ಮಾತು, ಯಾಕೆಂದರೆ ಒರಲೆಗೆ ಪ್ಲೇಟು ಬೇಡ, ರಟ್ಟಿನ ಹೊದಿಕೆ ಬೇಕು. ಅದರ ಮೇಲೆಯೇ ಹಾಡಿನ ವಿವರವೆಲ್ಲ ಇರುವುದು. ಮೂರನೆಯದು ತಂಪು. ಏಪ್ರಿಲ್–ಮೇನಲ್ಲಿ ಪಾರಾ 40 ಡಿಗ್ರಿ ದಾಟಿದಾಗಲೂ ಒಳಗೋಡೆಗೆ ಹೊಂದಿಸಿದ ಕಲ್ಲು ಕೈಗೆ ತಣ್ಣಗೇ ಹತ್ತುತ್ತದೆ.

ಅವಗುಣವೂ ಇದೆ, ಮುಚ್ಚಿಡಬಾರದು. ಮರ ಮುರಿಯುವ ಮುಂಚೆ ಬಾಗಿ ಹೇಳುತ್ತದೆ. ಕಲ್ಲು ಹೇಳದೇ ಕೇಳದೇ ಟಕ್ ಎಂದು ಒಡೆಯುತ್ತದೆ. ಆದ್ದರಿಂದ ಆಸರೆಯಿಂದ ಆಸರೆಗೆ ಎರಡಡಿ ಮೀರಬಾರದು. ನಾಲ್ಕಡಿ ಉದ್ದದ ಒಂದೇ ಕಲ್ಲು ಎರಡು ತುದಿಗೆ ಮಾತ್ರ ಕೂರಿಸಿದರೆ ಕಣ್ಣಿಗೆ ಚೆಂದ, ಕೆಳಗಿನ ರೆಕಾರ್ಡಿಗೂ ಕೂತ ಮಕ್ಕಳಿಗೂ ಅಪಾಯ. ನಡುವೆ ಒಂದು ನಿಲುವು ಕಲ್ಲು ಕೊಟ್ಟರೆ ಕೆಲಸ ಮುಗಿಯಿತು. ಅದೇ ಅಡ್ಡಗೋಡೆಯೂ ಆಗುತ್ತದೆ.

ಕಲ್ಲು ಆರಿಸುವಾಗ ಗೌಂಡಿಗಳು ಮಾಡುವುದನ್ನೇ ಮಾಡಿ. ಒಂದು ಅಂಚಿನ ಮೇಲೆ ಎತ್ತಿ ನಿಲ್ಲಿಸಿ ಬೆರಳ ಗಂಟಿನಿಂದ ಬಡಿಯಿರಿ. ‘ಠಣ್’ ಅಂದರೆ ಗಟ್ಟಿ. ‘ದಬ್’ ಅಂದರೆ ಒಳಗೆ ಸೀಳು ಇರಬಹುದು, ಮುಟ್ಟಬೇಡಿ. ದಪ್ಪ ಒಂದು ಇಂಚು ಸಾಕು. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಿಂಚು ದಪ್ಪದ ಕಲ್ಲು ಸುಮಾರು 18 ಕೆ.ಜಿ. ತೂಗುತ್ತದೆ. ಮೂರು ಖಾನೆಯ ರ‍್ಯಾಕು ಮಾಡಿಸಿದರೆ ನಿಲುವು ಕಲ್ಲು ಸೇರಿ ಕ್ವಿಂಟಲ್ ದಾಟಬಹುದು. ಅಂದರೆ ಒಮ್ಮೆ ಕೂರಿಸಿದ್ದು ಕೂತಂತೆ. ಬಾಡಿಗೆ ಮನೆಯವರು ಈ ದಾರಿ ಹಿಡಿಯಬಾರದು. ಅವರಿಗೆ ಬೇರೆ ದಾರಿ ಮುಂದೆ ಇದೆ.

ಅಂಗಡಿಯಲ್ಲಿ ‘ಎರಡಡಿ’ ಎಂದು ಕೊಡುವ ಕಲ್ಲು ಅಂಚು ಕಟ್ ಆದ ಮೇಲೆ 22 ಇಂಚಿಗೆ ಇಳಿದಿರುವುದುಂಟು. ಟೇಪು ಹಿಡಿದೇ ಮಾತಾಡಿ. ಮುಂಭಾಗದ ಅಂಚಿಗೆ ಗೋಲಾಯಿ ಹೊಡೆಸಿ, ಇಲ್ಲದಿದ್ದರೆ ಎಳೆದು ಇಡುವಾಗೆಲ್ಲ ರಟ್ಟು ಹರಿಯುತ್ತದೆ. ಪಾಲಿಶ್ ಒಂದು ಮಗ್ಗುಲಿಗೆ ಸಾಕು, ಎರಡೂ ಕಡೆ ಮಾಡಿಸುವುದು ದುಡ್ಡಿಗೆ ದಂಡ. ತಂದ ಕಲ್ಲನ್ನು ಚೆನ್ನಾಗಿ ತೊಳೆದು, ಒಂದು ವಾರ ಒಣಗಿಸಿ ಆಮೇಲೆ ಕೂರಿಸಬೇಕು. ಪಾಲಿಶ್ ಮಷೀನಿನ ಸಣ್ಣ ಪುಡಿ ಪ್ಲೇಟಿನ ಗೆರೆಗೆ ಹೊಕ್ಕರೆ ಹಾಡಿನ ತುಂಬ ಚಟಪಟ. ಇನ್ನೊಂದು ಮಾತು: ಇದು ಸುಣ್ಣದ ಕಲ್ಲು, ಹುಳಿಗೆ ಆಗಿಬರುವುದಿಲ್ಲ. ಹುಣಸೆ, ನಿಂಬೆ, ಟಾಯ್ಲೆಟ್ ತೊಳೆಯುವ ಆಸಿಡ್ ಬಿದ್ದರೆ ಹೊಳಪು ಹೋಗಿ ಕಲೆ ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಖಾನೆಯ ಒಳ ಎತ್ತರ 14 ಇಂಚು, ಆಳ 13ರಿಂದ 15 ಇಂಚು ಇರಲಿ. ಎಲ್‌ಪಿಯ ಹೊದಿಕೆ ಹನ್ನೆರಡೂವರೆ ಇಂಚಿನ ಹತ್ತಿರ ಬರುತ್ತದೆ. ಬೆರಳು ತೂರಿಸಿ ಎಳೆಯಲು ಜಾಗ ಬೇಡವೇ? ಹನ್ನೆರಡಕ್ಕೆ ಹನ್ನೆರಡು ಎಂದು ಬಡಿಗನಿಗೋ ಗೌಂಡಿಗೋ ಹೇಳಿಬಿಟ್ಟರೆ ರೆಕಾರ್ಡು ಒಳಗೇ ಹೋಗುವುದಿಲ್ಲ.

ನಾರಾಯಣಖೇಡದ ಗೋಡೆ, ಜಹೀರಾಬಾದಿನ ಕಬ್ಬಿಣ

ನಾರಾಯಣಖೇಡ ಕಡೆಯ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಮಣ್ಣು–ಕಲ್ಲಿನ ಮನೆಗಳಲ್ಲಿ ಗೋಡೆಯೇ ಕಪಾಟು. ಎರಡಡಿಗೂ ಮೀರಿದ ದಪ್ಪದ ಗೋಡೆಯಲ್ಲಿ ದೀಪಕ್ಕೊಂದು, ಪಂಚಾಂಗಕ್ಕೊಂದು, ಕನ್ನಡಿಗೊಂದು ಮಾಡ. ದೊಡ್ಡ ಮಾಡಕ್ಕೆ ಬಾಗಿಲು ಹಚ್ಚಿದರೆ ಅದೇ ಗೋಡೆ ಕಪಾಟು. ರೆಕಾರ್ಡಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬಿಸಿಲು ತಾಕದು, ಹಗಲು–ರಾತ್ರಿಯ ಬಿಸಿ ತಂಪಿನ ಏರಿಳಿತ ಕಡಿಮೆ. ಒಂದೇ ಷರತ್ತು, ಆ ಗೋಡೆ ಮನೆಯ ಒಳಗೋಡೆ ಆಗಿರಬೇಕು. ಹೊರಗೋಡೆ ಮಳೆ ಕುಡಿಯುತ್ತದೆ. ಶ್ರಾವಣ ಮುಗಿಯುವುದರೊಳಗೆ ರಟ್ಟಿನ ಮೇಲೆ ಬಿಳಿ ಬೂಷ್ಟು ಬರುತ್ತದೆ. ಮಾಡದೊಳಗೆ ಒಂದು ಫರಸಿ ಹಾಸಿ, ಹಿಂದೆ ಎರಡು ಬೆರಳು ಜಾಗ ಬಿಟ್ಟು ನಿಲ್ಲಿಸಬೇಕು. ಮಣ್ಣಿನ ಗೋಡೆಯ ಪುಡಿ ಉದುರದಂತೆ ಸುಣ್ಣ ಬಳಿದಿರಬೇಕು.

ಅದೇ ಮನೆಗಳ ಮೇಲ್ಮಾಳಿಗೆಯ ಕಥೆ ಬೇರೆ. ತೊಲೆ, ಜಂತಿ ಮೇಲಿನ ನೆಲ ನಡೆದಾಡಿದರೆ ಅದುರುತ್ತದೆ. ಅಲ್ಲಿ ಪ್ಲೇಯರ್ ಇಟ್ಟರೆ ಮನೆಯ ಮಗು ಓಡಿದಾಗೆಲ್ಲ ಮುಳ್ಳು ಹಾರುತ್ತದೆ. ಅಂಥ ಮನೆಯಲ್ಲಿ ಪ್ಲೇಯರ್ ಗೋಡೆಗೆ ಹೊಂದಿಸಿದ ಖಾನೆಯಲ್ಲೇ ಇರಬೇಕು. ವಿದೇಶಿ ಪುಸ್ತಕಗಳು ಗೋಡೆ ಖಾನೆಯನ್ನೇ ಹೊಗಳುವುದು ಅಲ್ಲಿಯ ಮರದ ನೆಲದ ಕಾರಣಕ್ಕೆ. ಇಲ್ಲಿ ನೆಲಮಾಳಿಗೆ ಮಟ್ಟದ ಫರಸಿ ನೆಲ ಇದ್ದವರಿಗೆ ಆ ಉಸಾಬರಿ ಇಲ್ಲ. ನೆಲದ ಮೇಲಿನ ರ‍್ಯಾಕೇ ಸಾಕು.

ಬಾಡಿಗೆ ಮನೆಯವರಿಗೆ, ವರ್ಗವಾಗುವ ನೌಕರರಿಗೆ ಕಬ್ಬಿಣದ ರ‍್ಯಾಕು ವಾಸಿ. ಕಿರಾಣಿ ಅಂಗಡಿಯಲ್ಲಿ ತೂತುಳ್ಳ ಆಂಗಲ್‌ಗೆ ಬೋಲ್ಟ್ ಹಾಕಿ ನಿಲ್ಲಿಸುತ್ತಾರಲ್ಲ, ಅದೇ. ಜಹೀರಾಬಾದಿನಲ್ಲಿ ಮಹೀಂದ್ರಾ ಕಾರ್ಖಾನೆಯ ಊರೆಂಬ ಹೆಸರಿಗೆ ತಕ್ಕಂತೆ ಕಬ್ಬಿಣದ ಕೆಲಸ ಬಲ್ಲವರಿಗೆ ಬರವಿಲ್ಲ. ಆಳ 12 ಇಂಚಿನದು ಬೇಡ, 15ರದು ಕೇಳಿ. ಬರೀ ತಗಡಿನ ಹಲಗೆ ಹಾಡಿನ ಜೊತೆ ತಾನೂ ಗುಂಯ್‌ಗುಡುತ್ತದೆ. ಮೇಲೆ 18 ಎಂ.ಎಂ. ಪ್ಲೈವುಡ್ ತುಂಡು ಹಾಸಿದರೆ ಬಾಯಿ ಮುಚ್ಚುತ್ತದೆ. ಅಡ್ಡ ಓಲಾಡದಂತೆ ಹಿಂದೆ ಗುಣಾಕಾರ ಚಿಹ್ನೆಯಂತೆ ಎರಡು ಪಟ್ಟಿ ಬಿಗಿಸುವುದು ಮರೆಯಬಾರದು. ಜೋಳದ ಚೀಲದಷ್ಟು ಭಾರ ಹೊತ್ತ ರ‍್ಯಾಕು ಮುಗ್ಗರಿಸಿದರೆ ತಡೆಯುವವರಾರು?

ಮರವೇ ಬೇಕೆನ್ನುವವರು ಹೊಸ ಸಾಗವಾನಿಗೆ ದುಡ್ಡು ಸುರಿಯುವ ಮುಂಚೆ ಕೆಡವಿದ ಮನೆಯ ತೊಲೆ, ಚೌಕಟ್ಟು ನೋಡಬೇಕು. ಅರ್ಧ ಶತಮಾನ ಒಣಗಿದ ಸಾಗವಾನಿ ಇನ್ನು ಬಾಗುವುದೂ ಇಲ್ಲ, ಬಿರಿಯುವುದೂ ಇಲ್ಲ. ಅಜ್ಜನ ಮನೆಯ ತೊಲೆಯಲ್ಲೇ ಅಜ್ಜನ ಪ್ಲೇಟಿಗೆ ಖಾನೆ ಮಾಡಿಸಿದರೆ ಖರ್ಚು ಬರೀ ಬಡಿಗತನದ್ದು. ಕೊಯ್ಯಿಸುವಾಗ ಹಳೆ ಮೊಳೆ ಕೀಳಿಸುವುದು ಮಾತ್ರ ಮುಖ್ಯ, ಇಲ್ಲದಿದ್ದರೆ ಸಾ ಮಿಲ್ಲಿನವರು ಗರಗಸದ ದುಡ್ಡೂ ಕೇಳುತ್ತಾರೆ.

ಪ್ಲೇಯರ್‌ಗೆ ಬೇರೆ ಪೀಠ

ಎಲ್‌ಪಿಯ ಗೆರೆ ಒಂದು ತಲೆಗೂದಲಿನಷ್ಟು ಅಗಲವೂ ಇಲ್ಲ. ಆ ಗೆರೆಯ ಅಂಕುಡೊಂಕನ್ನೇ ಮುಳ್ಳು ಓದಿ ಹಾಡು ಮಾಡುತ್ತದೆ. ಪೀಠ ಅದುರಿದರೆ ಮುಳ್ಳಿಗೆ ಅದೂ ಹಾಡೇ! ಪ್ಲೇಯರ್ ಇಟ್ಟ ಹಲಗೆಯ ಮೇಲೇ ಸ್ಪೀಕರ್ ಇಟ್ಟರೆ ಸ್ಪೀಕರಿನ ಅದುರು ಮುಳ್ಳಿಗೆ, ಮುಳ್ಳಿನದು ಮತ್ತೆ ಸ್ಪೀಕರಿಗೆ ಸುತ್ತಿ ಸುತ್ತಿ ಕೊನೆಗೆ ‘ಹೂಂ’ ಎಂಬ ಊಳು ಏಳುತ್ತದೆ. ಜನ ಆಂಪ್ಲಿಫೈಯರ್ ಕೆಟ್ಟಿತೆಂದು ರಿಪೇರಿಗೆ ಹೊತ್ತೊಯ್ಯುತ್ತಾರೆ. ಕೆಟ್ಟಿದ್ದು ಇಟ್ಟ ಜಾಗ.

ಸ್ಪೀಕರ್ ಬೇರೆ ಸ್ಟೂಲಿನ ಮೇಲೆ, ರ‍್ಯಾಕಿಗೆ ತಾಗದಂತೆ ಇರಲಿ. ಪ್ಲೇಯರ್ ರ‍್ಯಾಕಿನ ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿರಲಿ, ಏಕೆಂದರೆ ಅದರ ಮುಚ್ಚಳ ಮೇಲಕ್ಕೆ ತೆರೆಯಬೇಕು. ಈಗಿನ ಪ್ಲೇಯರ್‌ಗಳು ಸುಮಾರು 17 ಇಂಚು ಅಗಲ, 14 ಇಂಚು ಆಳ. ಹಳೆಯ ಎಚ್‌ಎಂವಿ ಫಿಯೆಸ್ಟಾ ಇದ್ದವರಿಗೆ ಇಷ್ಟು ಜಾಗ ಬೇಡ, ಅದು ಸೂಟ್‌ಕೇಸಿನಂಥದ್ದು.

ಇಲ್ಲಿಯೂ ಕಲ್ಲು ಉಪಕಾರಿ. ಭಾರದ ಕಲ್ಲನ್ನು ಸಣ್ಣ ಅದುರು ಅಲ್ಲಾಡಿಸಲಾರದು. ಆದರೆ ಬೆರಳಿಂದ ಬಡಿದಾಗ ‘ಠಣ್’ ಅಂದ ಅದೇ ಗುಣ ಇಲ್ಲಿ ತುಸು ತೊಡಕು. ಕಲ್ಲಿನ ನಾಲ್ಕು ಮೂಲೆಗೆ ರಬ್ಬರ್ ಕೊಟ್ಟರೆ ಆ ದನಿ ಸಾಯುತ್ತದೆ. ಹಳೆ ಹವಾಯಿ ಚಪ್ಪಲಿಯ ಅಟ್ಟೆಯನ್ನು ಎರಡೆರಡು ಇಂಚು ಕತ್ತರಿಸಿ ಇಟ್ಟರೂ ಕೆಲಸ ಆಗುತ್ತದೆ. ಚಪ್ಪಲಿ ಎಂಬ ಮಡಿವಂತಿಕೆ ಇದ್ದವರು ಅಂಗಡಿಯಿಂದ ರಬ್ಬರ್ ಷೀಟು ತಂದುಕೊಳ್ಳಲಿ. ಆಮೇಲೆ ಗೌಂಡಿಯ ರಸಮಟ್ಟ ಇಟ್ಟು ನೋಡಿ, ಓರೆ ಇದ್ದರೆ ಒಂದು ಮೂಲೆಗೆ ರಟ್ಟು ತುರುಕಿ.

ಆಂಪ್ಲಿಫೈಯರ್ ಕಾಯುತ್ತದೆ. ಅದರ ಮೇಲೆ ನಾಲ್ಕು ಇಂಚಾದರೂ ಖಾಲಿ ಬೇಕು. ರೆಕಾರ್ಡಿನ ಖಾನೆ ಅದರ ನೇರ ಮೇಲೆ ಬೇಡ. ಮುಳ್ಳಿನ ಹತ್ತಿರವೂ ಬೇಡ, ಅದರೊಳಗಿನ ಟ್ರಾನ್ಸ್‌ಫಾರ್ಮರಿನ ಗುಂಯ್ ಹಾಡಿಗೆ ಹತ್ತುತ್ತದೆ. ಕಲ್ಲಿನ ರ‍್ಯಾಕು ಮಾಡಿಸುವವರು ವೈರ್ ಹಾಯಲು ಹಿಂದೆ ಸಂದು ಬಿಡಿಸಿಕೊಳ್ಳಬೇಕು. ಕೂರಿಸಿದ ಮೇಲೆ ಕಲ್ಲಿಗೆ ತೂತು ಕೊರೆಯುವುದು ಮನೆಮಂದಿಗೆಲ್ಲ ಧೂಳಿನ ಓಕುಳಿ.

ಕ್ಯಾಸೆಟ್ ಕೂಡ ಮರೆಯಬೇಡಿ

ಗಡಿ ಮನೆಗಳಲ್ಲಿ ಪ್ಲೇಟಿಗಿಂತ ಕ್ಯಾಸೆಟ್ಟೇ ಜಾಸ್ತಿ. 1978ರಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಕನ್ನಡ ಭಾವಗೀತೆಯ ಕ್ಯಾಸೆಟ್ಟಾಗಿ ಬಂದ ಮೇಲೆ ಕನ್ನಡದ ಹಾಡು ಪ್ಲೇಟು ಬಿಟ್ಟು ಟೇಪಿಗೆ ಹೊರಳಿತು. ಮನೆಯ ಮದುವೆಯ ಸೋಬಾನೆ, ಅಜ್ಜಿಯ ಬೀಸುಕಲ್ಲ ಪದ ಯಾರಾದರೂ ಹಿಡಿದಿಟ್ಟಿದ್ದರೆ ಅದು ಇರುವುದು ಕ್ಯಾಸೆಟ್ಟಿನಲ್ಲೇ. ಅಂಗಡಿಯ ಹಾಡು ಇನ್ನೊಂದು ಕಡೆ ಸಿಗಬಹುದು, ಅಜ್ಜಿಯ ಪದ ಸಿಗದು. ಝರಾಸಂಗಂ ಮಂಡಲದ ಮಾಚನೂರಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳೇ ನಡೆಸುವ ‘ಸಂಘಂ ರೇಡಿಯೋ’ 2008ರ ಅಕ್ಟೋಬರ್ 15ರಂದು ಆರಂಭವಾಯಿತು. ಊರಿನ ದನಿಯನ್ನು ಊರಿನವರೇ ಹಿಡಿದಿಡಬಹುದು ಎಂಬುದಕ್ಕೆ ಅದು ಕೂಗಳತೆಯ ಸಾಕ್ಷಿ, ಭಾಷೆ ತೆಲುಗಾದರೇನಂತೆ.

ಕ್ಯಾಸೆಟ್ಟಿಗೆ ದೊಡ್ಡ ಖಾನೆ ಬೇಡ. ಐದು ಇಂಚು ಎತ್ತರ, ಮೂರು ಇಂಚು ಆಳ ಇದ್ದರೆ ಸಾಕು. ಬಾಗಿಲ ಹಿಂದಿನ ಗೋಡೆಗೆ ಹೊಡೆದ ಹಲಗೆಯೂ ನಡೆದೀತು. ಸ್ಪೀಕರಿನ ಪಕ್ಕ ಮಾತ್ರ ಬೇಡ. ಸ್ಪೀಕರಿನ ಬೆನ್ನಲ್ಲಿ ದೊಡ್ಡ ಅಯಸ್ಕಾಂತ ಇರುತ್ತದೆ, ಟೇಪಿನ ಹಾಡನ್ನು ಅದು ಮೆಲ್ಲಗೆ ಅಳಿಸುತ್ತದೆ.

ಐವತ್ತೇ ಪ್ಲೇಟು ಇದ್ದರೆ

ಹೆಚ್ಚಿನವರ ಮನೆಯಲ್ಲಿ ನೂರಾರು ರೆಕಾರ್ಡು ಇರುವುದಿಲ್ಲ. ಇಪ್ಪತ್ತೋ ಐವತ್ತೋ ಇದ್ದೀತು. ಅಷ್ಟಕ್ಕೆ ರ‍್ಯಾಕು ಯಾಕೆ ಎನ್ನುವವರು ಎರಡು ಫರಸಿ ತುಂಡು, ಎರಡು ನಿಲುವು ಕಲ್ಲು ತಂದು ಪಡಸಾಲೆಯ ಒಳಗೋಡೆಗೆ ಒಂದೇ ಖಾನೆ ಮಾಡಿಸಬಹುದು. ಕೆಳಗೆ ಪ್ಲೇಟು, ಮೇಲೆ ಪ್ಲೇಯರ್. ಮಂಚದ ಕೆಳಗಿನ ಟ್ರಂಕಿನಲ್ಲಿ ಮಲಗಿಸಿ ಇಡುವುದು ಬೇಡ. ಒಂದರ ಮೇಲೊಂದು ಮಲಗಿದರೆ ಕೆಳಗಿನದು ಎಲ್ಲರ ಭಾರ ಹೊರುತ್ತದೆ, ಮೇಲೆ ಯಾರೋ ಗೋಧಿ ಚೀಲವನ್ನೂ ಇಡುತ್ತಾರೆ.

ಗೋದ್ರೇಜ್ ಕಪಾಟಿನಲ್ಲಿ ಬೀಗ ಹಾಕಿ ಇಡುವವರೂ ಇದ್ದಾರೆ. ಕಳವಿಗೆ ಅದು ಸರಿ, ಆದರೆ ಕಪಾಟು ಪಶ್ಚಿಮದ ಗೋಡೆಗಿದ್ದರೆ ಮಧ್ಯಾಹ್ನದ ಮೇಲೆ ಒಳಗೆ ಕುಲುಮೆ. ಬೀಗದೊಳಗಿನ ಪ್ಲೇಟನ್ನು ನುಡಿಸುವವರೂ ಇಲ್ಲ. ಪಡಸಾಲೆಯಲ್ಲಿ ಕಣ್ಣಿಗೆ ಬೀಳುವಂತಿದ್ದರೆ ಮೊಮ್ಮಗ ‘ಇದೇನು?’ ಎಂದಾದರೂ ಕೇಳುತ್ತಾನೆ.

78ರ ಪ್ಲೇಟು ಇದ್ದವರು ಅವಕ್ಕೆ ಎಲ್ಲಕ್ಕಿಂತ ಕೆಳಗಿನ ಖಾನೆ ಕೊಡಲಿ, ಬಿದ್ದರೂ ಗೇಣು ಎತ್ತರದಿಂದ ಬೀಳಲಿ ಎಂದು. ನೆಲಕ್ಕೂ ಖಾನೆಗೂ ನಾಲ್ಕು ಇಂಚು ಅಂತರ ಇರಬೇಕು, ನೆಲ ಒರೆಸುವ ನೀರು ತಾಗಬಾರದು. 10 ಇಂಚಿನವನ್ನು 12 ಇಂಚಿನ ನಡುವೆ ತುರುಕಬಾರದು, ಚಿಕ್ಕದರ ಅಂಚು ದೊಡ್ಡದರ ಮೈಗೆ ಒತ್ತುತ್ತದೆ. ಖಾನೆ ಪೂರ್ತಿ ತುಂಬದಿದ್ದರೆ ಉಳಿದ ಜಾಗಕ್ಕೆ ಮರದ ತುಂಡು ಕೊಟ್ಟು ನೆಟ್ಟಗೆ ನಿಲ್ಲಿಸಿ. ಹರಿದ ಹೊದಿಕೆಗೆ ಹಳೆ ಪೇಪರ್ ಸುತ್ತುವ ಬದಲು ಬಿಳಿ ಕಾಗದದ ಚೀಲ ಹೊಲಿಸಿ, ಅದರ ಮೂಲೆಯಲ್ಲಿ ಹಾಡಿನ ಹೆಸರನ್ನು ಕನ್ನಡದಲ್ಲಿ ಒಂದು ಸಲ, ಮಕ್ಕಳಿಗೆ ಓದಲು ಬರುವ ಲಿಪಿಯಲ್ಲಿ ಇನ್ನೊಂದು ಸಲ ಬರೆದಿಡಿ.